‘ಸಿನ್ಸ್’ ಎಲ್ಲಿ, ‘ಫಾರ್’ ಎಲ್ಲಿ?

ನಮಸ್ಕಾರ. ಉದ್ಯೋಗದ ಅರ್ಜಿಯಲ್ಲಿ ತಾವು ಬರೆದ ‘ಐ ಆಮ್ ವರ್ಕಿಂಗ್ ಹಿಯರ್ ಸಿನ್ಸ್ ಫೈವ್ ಇಯರ್ಸ್’ ಎಂಬ ವಾಕ್ಯವನ್ನು ಸ್ನೇಹಿತರು ಏಕೆ ತಿದ್ದಿದರು ಎಂದು ಕೇಳಿದ್ದೀರಿ. ಅವರು ತಿದ್ದಿದ್ದು ಸರಿ. ಅಲ್ಲಿ ಎರಡು ತಪ್ಪುಗಳಿವೆ.

ಕನ್ನಡದಲ್ಲಿ ‘2019ರಿಂದ’ ಎನ್ನುವಾಗಲೂ ‘ಐದು ವರ್ಷಗಳಿಂದ’ ಎನ್ನುವಾಗಲೂ ‘ಇಂದ’ ಎಂಬ ಒಂದೇ ಪ್ರತ್ಯಯ ಸಾಕಾಗುವುದರಿಂದ ನಮಗೆ ಈ ಗೊಂದಲ ಸಹಜ. ಇಂಗ್ಲಿಷಿನಲ್ಲಾದರೋ ಕೆಲಸ ಆರಂಭವಾದ ಕಾಲಕ್ಕೆ ‘ಸಿನ್ಸ್’, ಅದು ನಡೆದುಬಂದ ಅವಧಿಗೆ ‘ಫಾರ್’: ‘ಸಿನ್ಸ್ 2019’, ‘ಸಿನ್ಸ್ ಮಂಡೇ’, ಆದರೆ ‘ಫಾರ್ ಫೈವ್ ಇಯರ್ಸ್’, ‘ಫಾರ್ ಟೂ ಅವರ್ಸ್’.

ಎರಡನೆಯದು ಕ್ರಿಯಾಪದ. ಹೆಚ್ಚಿನವರು ‘ಫಾರ್’ ಹಾಕಿ ಇದನ್ನು ಹಾಗೆಯೇ ಬಿಟ್ಟುಬಿಡುವುದರಿಂದ ಇದನ್ನೇ ಮುಖ್ಯವಾಗಿ ಗಮನಿಸಬೇಕೆಂದು ನನ್ನ ಅಭಿಪ್ರಾಯ. ಹಿಂದೆ ಶುರುವಾಗಿ ಈಗಲೂ ಮುಂದುವರಿದಿರುವ ಕೆಲಸವನ್ನು ಅದರ ಅವಧಿಯೊಂದಿಗೆ ಹೇಳುವಾಗ, ನಾವು ‘ಮಾಡುತ್ತಿದ್ದೇನೆ’ ಎಂದು ವರ್ತಮಾನದಲ್ಲಿಯೇ ಹೇಳುತ್ತೇವಾದರೂ, ಇಂಗ್ಲಿಷಿನಲ್ಲಿ ‘ಆಮ್ ವರ್ಕಿಂಗ್’ ಸಲ್ಲದು. ಆದ್ದರಿಂದ ‘ಐ ಹ್ಯಾವ್ ಬೀನ್ ವರ್ಕಿಂಗ್ ಹಿಯರ್ ಫಾರ್ ಫೈವ್ ಇಯರ್ಸ್’ ಎಂದು ಬರೆಯಿರಿ.

ಆ ಕೆಲಸವನ್ನು ಈಗಾಗಲೇ ಬಿಟ್ಟಿದ್ದರೆ ‘ಐ ವರ್ಕ್ಡ್ ದೇರ್ ಫಾರ್ ಫೈವ್ ಇಯರ್ಸ್’ ಎಂದರೆ ಸಾಕು. ‘ಫಾರ್’ ಸರಳ ಭೂತಕಾಲಕ್ಕೂ ಒಪ್ಪುತ್ತದೆ.