ಕೂಟದಲ್ಲಿ ಎಲ್ಲರ ಮುಂದೆ ಸತ್ಯ ಹೇಳಿದ್ದು ತಪ್ಪಾ?

ಯುವಕರ ಕೂಟಕ್ಕೆ ಒಬ್ಬ ಹುಡುಗ ಕುಡಿದು ಬಂದಿದ್ದ. ನೀವು ಎಲ್ಲರ ಮುಂದೆ ಅದನ್ನೆತ್ತಿ, ಬೈಬಲ್ ವಾಕ್ಯ ಓದಿ ಬುದ್ಧಿ ಹೇಳಿದಿರಿ. ಈಗ ಅವನು ಚರ್ಚ್ ಕಡೆ ತಲೆ ಹಾಕುತ್ತಿಲ್ಲ. 'ಕ್ರೈಸ್ತನಾಗಿ ನಾನು ಹೇಳಬಾರದಿತ್ತಾ?' ಅಂತ ಕೇಳಿದ್ದೀರಿ. ಹೇಳಬೇಕಿತ್ತು. ಆದರೆ ಅಲ್ಲಿ ಅಲ್ಲ.

ನನ್ನದು ಬೀದರಿನಲ್ಲಿ ಕಿರಾಣಿ ಅಂಗಡಿ. ಒಂದು ಸಂಜೆ ಅಂಗಡಿ ತುಂಬ ಗಿರಾಕಿ. ನಮ್ಮ ಓಣಿಯ ಕಾಕಾ ಒಬ್ಬರು ಬಂದು ಅರ್ಧ ಕಿಲೋ ತೊಗರಿಬೇಳೆ ಉದ್ರಿ ಕೇಳಿದರು. ನಾನು ಬುಕ್ ತೆರೆದು ಎಲ್ಲರಿಗೂ ಕೇಳುವ ಹಾಗೆ, 'ಹಿಂದಿಂದೇ 640 ರೂಪಾಯಿ ಬಾಕಿ ಅದ ಕಾಕಾ, ಮತ್ತ ಕೇಳ್ಲಿಕ್ಕೆ ನಾಚಿಕಿ ಬರಲ್ಲೇನು?' ಅಂದೆ. ಅವರು ಚೀಲ ಮಡಚಿ ಬಗಲಲ್ಲಿಟ್ಟುಕೊಂಡು ಸುಮ್ನೆ ಹೋದರು. ರಾತ್ರಿ ಮಗ ಹೇಳಿದ: ಕಾಕಾ ನಾಲ್ಕು ದಿನದ ಹಿಂದೆಯೇ ದುಡ್ಡು ಕೊಟ್ಟಿದ್ದಾರೆ, ಇವನು ಗಲ್ಲಾದಲ್ಲಿ ಹಾಕಿದವನು ಬುಕ್ಕಿನಲ್ಲಿ ಬಾಕಿ ಹೊಡೆದಿಲ್ಲ.

ಮರುದಿನ ಬೆಳಿಗ್ಗೆ ಬೇಳೆ ಕಟ್ಟಿಕೊಂಡು ಅವರ ಮನೆಗೆ ಹೋಗಿ ತಪ್ಪಾಯ್ತು ಅಂದೆ. ಕಾಕಾ ಮಾತಾಡಲಿಲ್ಲ. ರೊಟ್ಟಿ ತಟ್ಟುತ್ತಿದ್ದ ಕಾಕಿ ತಲೆ ಎತ್ತದೆ ಹೇಳಿದರು: 'ಮಾನ ಬಜಾರದಾಗ ಕಳದಿ. ತಪ್ಪಾಯ್ತು ಅನ್ನಾದು ಮನ್ಯಾಗೇನಪ್ಪ?'

ಅದೇ ದಿನ ಸಂಜೆ, ಅದೇ ಗಿರಾಕಿಗಳ ಹೊತ್ತಿಗೆ, ಕಾಕಾನನ್ನು ಕರೆಸಿ ಎಲ್ಲರ ಮುಂದೆ ಹೇಳಿದೆ. ಗಂಟಲು ಒಣಗಿತ್ತು. ಬೈಯುವಾಗ ಇಷ್ಟು ಕಷ್ಟ ಆಗಿರಲಿಲ್ಲ ನೋಡಿ.

ಮತ್ತಾಯ 18:15 ನನಗೆ ಬಾಯಿಪಾಠವಿತ್ತು. ಸಹೋದರ ತಪ್ಪು ಮಾಡಿದರೆ ನೀನೂ ಅವನೂ ಇಬ್ಬರೇ ಇರುವಾಗ ತಿಳಿಸು ಅಂತ ಯೇಸು ಹೇಳಿದ್ದು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಅದಕ್ಕೂ ಬಗ್ಗದಿದ್ದರೆ ಸಭೆಗೆ ಹೇಳು. ನಾವು ಕೊನೆಯದನ್ನೇ ಮೊದಲು ಮಾಡಿಬಿಡ್ತೀವಿ. ಈಗಂತೂ ಇನ್ನೂ ಸುಲಭ, ಒಬ್ಬರಿಗೆ ಚುಚ್ಚುವ ವಾಕ್ಯ ಹುಡುಕಿ ಸ್ಟೇಟಸ್‌ಗೆ ಹಾಕಿದರಾಯ್ತು.

ಹಾಗಂತ ಬರೀ ಸಿಹಿ ಮಾತಾಡಿ ಅಂತಿಲ್ಲ. ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ (4:6) ಪೌಲ ಮಾತಿಗೆ ಉಪ್ಪಿನ ರುಚಿ ಇರಲಿ ಅಂತಾನೆ. ಪುಂಡಿಪಲ್ಯಕ್ಕೆ ಉಪ್ಪು ಮರೆತರೆ ಯಾರೂ ತಿನ್ನಲ್ಲ, ಹಿಡಿಗಟ್ಟಲೆ ಹಾಕಿದರೂ ತಿನ್ನಲ್ಲ. ಚರ್ಚಿನ ಜನರ ಕೈ ಸ್ವಲ್ಪ ಜಾಸ್ತಿಯೇ ಬೀಳುತ್ತೆ, ಅಲ್ವಾ? ಹೊತ್ತೂ ನೋಡಬೇಕು. ಬೆಳಬೆಳಿಗ್ಗೆ ಎದ್ದು ಗಟ್ಟಿಯಾಗಿ ಆಶೀರ್ವಾದ ಮಾಡಿದರೂ ಅದು ಶಾಪದ ಲೆಕ್ಕ ಅಂತ ಜ್ಞಾನೋಕ್ತಿ 27:14ರಲ್ಲಿದೆ. ಕುಡಿದವನಿಗೆ ಕುಡಿದ ಹೊತ್ತಲ್ಲೇ ಬುದ್ಧಿ ಹೇಳಿದರೆ ಏನು ಕೇಳಿಸೀತು?

ಹುಡುಗನ ಮನೆಗೆ ಒಬ್ಬರೇ ಹೋಗಿ. 'ನಾನು ಹೇಳಿದ್ದು ಖರೇನೇ, ಆದ್ರೂ...' ಅಂತ ಶುರು ಮಾಡಬೇಡಿ. ಯಾಕೆ ಕುಡಿದಿದ್ದ ಅಂತ ಅವನೇ ಹೇಳಲಿ, ನಡುವೆ ವಾಕ್ಯ ತೆಗೆಯಬೇಡಿ. ಆಮೇಲೆ ಕೂಟದಲ್ಲಿ, ನಿಮ್ಮ ತಪ್ಪನ್ನಷ್ಟೇ ಹೇಳಿ. ಅವನದನ್ನು ಮತ್ತೆ ಎತ್ತಬೇಡಿ. ಅವನು ಕೂಡಲೇ ಬಂದುಬಿಡ್ತಾನೆ ಅಂತ ನಾನು ಹೇಳಲಾರೆ. ಕಾಕಾ ಒಂದೂವರೆ ತಿಂಗಳು ಬೇರೆ ಅಂಗಡಿಗೆ ಹೋದರು.

ಈಗ ಬರುತ್ತಾರೆ. ದುಡ್ಡು ಕೊಟ್ಟ ಮೇಲೆ ಕೌಂಟರ್ ಬಿಟ್ಟು ಕದಲುವುದಿಲ್ಲ. 'ಬುಕ್ ತೆಗಿ, ನನ್ನ ಮುಂದ ಹೊಡಿ' ಅಂತಾರೆ. ಹೊಡಿತೀನಿ.