ತಾರಸಿಯ ಎಸ್‌ಡಿಆರ್ ರಿಸೀವರ್: ಗದ್ದಲ ಯಾವ ದಾರಿಯಿಂದ ಬರುತ್ತಿದೆ?

ಪ್ರಶ್ನೆ: ನಾನು ಬೆಂಗಳೂರಿನ ವಿಜಯನಗರದಲ್ಲಿ ನಾಲ್ಕು ಅಂತಸ್ತಿನ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ ವಾಸವಾಗಿದ್ದೇನೆ. ಹವ್ಯಾಸಿ ರೇಡಿಯೊ ಪರವಾನಗಿ ಬಂದ ಮೇಲೆ ತಾರಸಿಯಲ್ಲಿ 40 ಮೀಟರ್ ಬ್ಯಾಂಡಿನ ಡೈಪೋಲ್ (ನಡುವಿನಲ್ಲಿ ಕೇಬಲ್ ಜೋಡಿಸಿದ ತಂತಿ ಆಂಟೆನಾ) ಕಟ್ಟಿಸಿದೆ. ಮನೆಯ ಕಂಪ್ಯೂಟರಿನ ಹಂಗಿಲ್ಲದೆ ಹಗಲೂ ರಾತ್ರಿ ತಾನಾಗಿಯೇ ನಡೆಯುವ, ಮನೆಯೊಳಗಿಂದ ಮೊಬೈಲಿನಲ್ಲಿ ಕೇಳಬಹುದಾದ ರಿಸೀವರ್ ಮಾಡಬೇಕೆಂದು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಹಲಗೆಗೆ ನೇರ ಸ್ಯಾಂಪ್ಲಿಂಗ್ (ಆಂಟೆನಾದ ಸಂಕೇತವನ್ನು ಆವರ್ತನ ಬದಲಿಸದೆಯೇ ಅಳೆಯುವ) ಸೌಲಭ್ಯವಿರುವ ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ತಂತ್ರಾಂಶದ ನೆರವಿನಿಂದ ನಡೆಯುವ ಚಿಕ್ಕ ಯುಎಸ್‌ಬಿ ರೇಡಿಯೊ) ಜೋಡಿಸಿದ್ದೇನೆ. ಆದರೆ ಆವರ್ತನವಾರು ಸಂಕೇತದ ಬಲವನ್ನು ಹರಿಯುವ ಬಣ್ಣಗಳಲ್ಲಿ ತೋರಿಸುವ ವಾಟರ್‌ಫಾಲ್‌ನಲ್ಲಿ 7.1 ಮೆಗಾಹರ್ಟ್ಸ್ ಸುತ್ತ ಅಗಲವಾದ ದಿಬ್ಬವೊಂದು ಸದಾ ಕಾಣಿಸುತ್ತದೆ. ತಾಳ ಹಾಕಿದಂತೆ ಹಿಗ್ಗುತ್ತದೆ, ಕುಗ್ಗುತ್ತದೆ. ಸಂಜೆಯಾದರೆ ಸಮಾನ ಅಂತರದ ಮಸುಕು ಗೆರೆಗಳು ಬ್ಯಾಂಡ್ ತುಂಬ ಮೂಡುತ್ತವೆ. ಒಬ್ಬ ಮಿತ್ರರು ಲೋ ನಾಯ್ಸ್ ಆಂಪ್ಲಿಫೈಯರ್ (ತನ್ನದೇ ಗದ್ದಲ ಕಡಿಮೆಯಿರುವ ಸಂಕೇತವರ್ಧಕ) ಹಾಕಿ ಎನ್ನುತ್ತಾರೆ, ಇನ್ನೊಬ್ಬರು 16 ಬಿಟ್‌ನ ದುಬಾರಿ ರಿಸೀವರ್ ಕೊಳ್ಳಿ ಎನ್ನುತ್ತಾರೆ. ಯಾರ ಮಾತು ಸರಿ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ತೊಂದರೆಗಳು. ಅವು ಬರುವ ದಾರಿಗಳೂ ಬೇರೆ, ಅವುಗಳ ಪರಿಹಾರವೂ ಬೇರೆ. ಗದ್ದಲ ಯಾವ ದಾರಿಯಿಂದ ಒಳಗೆ ಬರುತ್ತಿದೆ ಎಂಬುದನ್ನು ಪತ್ತೆ ಮಾಡುವ ಮುನ್ನ ಹೊಸದಾಗಿ ಏನನ್ನು ಕೊಂಡರೂ ಆ ಗದ್ದಲವೇ ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತದೆ.

ಮೊದಲು ಆಂಪ್ಲಿಫೈಯರಿನ ಮಾತು. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪಿ.372 ಶಿಫಾರಸಿನಲ್ಲಿ ಮಾನವನಿರ್ಮಿತ ಗದ್ದಲವನ್ನು ಅಂದಾಜಿಸುವ ಸೂತ್ರಗಳಿವೆ. ವಸತಿ ಪ್ರದೇಶದ ಸೂತ್ರಕ್ಕೆ 7.1 ಮೆಗಾಹರ್ಟ್ಸ್ ಹಾಕಿ ಲೆಕ್ಕ ಮಾಡಿದರೆ, ಆಂಟೆನಾದಿಂದ ಇಳಿದು ಬರುವ ಗದ್ದಲವು ಉಷ್ಣಜನ್ಯ (ಬಿಸಿಯಿಂದ ಯಾವುದೇ ವಾಹಕದಲ್ಲಿ ಹುಟ್ಟುವ) ಗದ್ದಲಕ್ಕಿಂತ ಸುಮಾರು 49 ಡೆಸಿಬಲ್ ಮೇಲಿರುತ್ತದೆ. ಅಂದರೆ ಮಾತಿನ ಸಂಪರ್ಕಕ್ಕೆ ಬಳಸುವ 2.4 ಕಿಲೋಹರ್ಟ್ಸ್ ಅಗಲದಲ್ಲಿ ಸುಮಾರು ಮೈನಸ್ 91 ಡಿಬಿಎಂ (ಒಂದು ಮಿಲಿವಾಟ್‌ಗೆ ಹೋಲಿಸಿದ ಡೆಸಿಬಲ್). ರಿಸೀವರಿನಲ್ಲಿ ಸಂಕೇತದ ಬಲ ತೋರಿಸುವ ಎಸ್-ಮೀಟರಿನ ಭಾಷೆಯಲ್ಲಿ ಎಸ್-6. ನಿಮ್ಮ ಡಾಂಗಲಿನ ಸ್ವಂತ ಗದ್ದಲ ಇದರ ಮುಂದೆ ಲೆಕ್ಕಕ್ಕೇ ಬಾರದು. ಹೀಗಿರುವಾಗ ಆಂಪ್ಲಿಫೈಯರ್ ಹಾಕಿದರೆ ಸಂಕೇತದ ಜೊತೆಗೆ ಗದ್ದಲವೂ ಅಷ್ಟೇ ಪ್ರಮಾಣದಲ್ಲಿ ಹೆಚ್ಚುತ್ತದೆ, ಮೇಲಾಗಿ 8 ಬಿಟ್‌ನ ಪರಿವರ್ತಕ (ಸಂಕೇತವನ್ನು ಅಂಕಿಗಳಾಗಿಸುವ ಭಾಗ) ಬೇಗನೆ ತುಂಬಿ ಹೋಗುತ್ತದೆ.

ಇನ್ನು ಆ ದಿಬ್ಬ. ಇದರ ವಿಚಾರದಲ್ಲಿ ನನಗೆ ಹೆಚ್ಚು ಅನುಮಾನವಿಲ್ಲ. ನಿಮ್ಮ ಡಾಂಗಲ್ ನೇರ ಸ್ಯಾಂಪ್ಲಿಂಗ್‌ನಲ್ಲಿ ಸೆಕೆಂಡಿಗೆ 2.88 ಕೋಟಿ ಸಲ, ಅಂದರೆ 28.8 ಮೆಗಾಹರ್ಟ್ಸ್ ವೇಗದಲ್ಲಿ ಅಳೆಯುತ್ತದೆ. ಈ ವೇಗದ ಅರ್ಧಕ್ಕಿಂತ, ಎಂದರೆ 14.4 ಮೆಗಾಹರ್ಟ್ಸ್‌ಗಿಂತ ಮೇಲಿನ ಯಾವುದೇ ಸಂಕೇತ ಪರಿವರ್ತಕವನ್ನು ತಲುಪಿದರೆ ಅದು ಮಡಚಿಕೊಂಡು ಕೆಳಗಿನ ಯಾವುದೋ ಆವರ್ತನದಲ್ಲಿ ತೋರುತ್ತದೆ. ಬೆಂಗಳೂರಿನಲ್ಲಿ 93.5 ಮೆಗಾಹರ್ಟ್ಸ್‌ನಲ್ಲಿ ಎಫ್‌ಎಂ ಪ್ರಸಾರವಿದೆ. ಸ್ಯಾಂಪ್ಲಿಂಗ್ ವೇಗದ ಮೂರರಷ್ಟು 86.4, 93.5ರಲ್ಲಿ ಅದನ್ನು ಕಳೆದರೆ ಉಳಿಯುವುದು ಸರಿಯಾಗಿ 7.1. ನಮ್ಮ ದೇಶದಲ್ಲಿ ಹವ್ಯಾಸಿಗಳಿಗೆ ಕೊಟ್ಟಿರುವ 7.0ರಿಂದ 7.2 ಮೆಗಾಹರ್ಟ್ಸ್ ಪಟ್ಟಿಯ ನಟ್ಟನಡುವೆಯೇ ಅದು ಬಂದು ಕೂರುತ್ತದೆ. ಎಫ್‌ಎಂ ಪ್ರಸಾರದ ಅಗಲವೂ ಹೆಚ್ಚುಕಡಿಮೆ 200 ಕಿಲೋಹರ್ಟ್ಸ್ ಆದ್ದರಿಂದ ಇಡೀ ಪಟ್ಟಿಯನ್ನೇ ಆಕ್ರಮಿಸುತ್ತದೆ. ಹಾಡು ಜೋರಾದಾಗ ಹಿಗ್ಗುವುದು, ಮಾತು ನಿಂತಾಗ ಕುಗ್ಗುವುದು ಎಫ್‌ಎಂ ಸಂಕೇತದ ಸಹಜ ಗುಣ. ಇದರಲ್ಲಿ ಪ್ರಸಾರ ಕೇಂದ್ರದ ತಪ್ಪೇನೂ ಇಲ್ಲ; ತಡೆಯಬೇಕಾದ ಸೋಸುಕ (ಫಿಲ್ಟರ್) ನಿಮ್ಮ ರಿಸೀವರಿನ ಮುಂದೆ ಇಲ್ಲ, ಅಥವಾ ಇರುವುದು ಸಾಲುತ್ತಿಲ್ಲ.

ನನ್ನ ಮಾತನ್ನು ನಂಬುವುದಕ್ಕಿಂತ ನೀವೇ ಪರೀಕ್ಷಿಸಿ. ತಂತ್ರಾಂಶದಲ್ಲಿ 7.1 ಮೆಗಾಹರ್ಟ್ಸ್‌ಗೆ ಟ್ಯೂನ್ ಮಾಡಿ, ಹವ್ಯಾಸಿಗಳು ಮಾತಿಗೆ ಬಳಸುವ ಎಲ್‌ಎಸ್‌ಬಿ ವಿಧಾನದ ಬದಲು ವೈಡ್ ಎಫ್‌ಎಂ ಆರಿಸಿ, ಅಗಲವನ್ನು 200 ಕಿಲೋಹರ್ಟ್ಸ್‌ಗೆ ಹೆಚ್ಚಿಸಿ. ಸಿನಿಮಾ ಹಾಡು ಕೇಳಿಸಿದರೆ ಮೂಲ ಸಿಕ್ಕಿದಂತೆ. ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ಆಂಟೆನಾ ದಾರಿಯಲ್ಲಿ 10 ಡೆಸಿಬಲ್‌ನ ಅಟೆನ್ಯುಯೇಟರ್ (ಸಂಕೇತವನ್ನು ತಗ್ಗಿಸುವ ಸಾಧನ) ಇಟ್ಟು ನೋಡುವ ಪರೀಕ್ಷೆಯನ್ನು ಹಲವರು ಸೂಚಿಸುತ್ತಾರೆ. ಬೇಡದ ಸಂಕೇತ 30 ಡೆಸಿಬಲ್‌ನಷ್ಟು ಇಳಿದರೆ ಅದು ಪ್ರಬಲ ಸಂಕೇತಗಳು ರಿಸೀವರಿನಲ್ಲಿ ಬೆರೆತು ಹುಟ್ಟಿದ್ದೆಂದು ತಿಳಿಯಬಹುದು. ಮಡಚಿಕೊಂಡು ಬಂದ ಸಂಕೇತವಾದರೋ ನಿಜವಾದ ಸಂಕೇತದಂತೆ 10 ಡೆಸಿಬಲ್ ಮಾತ್ರ ಇಳಿಯುತ್ತದೆ. ಆದ್ದರಿಂದ ಆ ಪರೀಕ್ಷೆಯೊಂದನ್ನೇ ನೆಚ್ಚಿದವರು ಈ ತೊಂದರೆಯನ್ನು ಹೊರಗಿನ ಗದ್ದಲವೆಂದೇ ತಿಳಿದು ತಿಂಗಳುಗಟ್ಟಲೆ ಅಲೆಯುವುದುಂಟು.

30 ಮೆಗಾಹರ್ಟ್ಸ್‌ಗಿಂತ ಮೇಲಿನದನ್ನು ತಡೆಯುವ ಲೋ-ಪಾಸ್ ಫಿಲ್ಟರ್ ಹಾಕಿದರೆ ಎಫ್‌ಎಂ ಕಾಟ ತಪ್ಪುತ್ತದೆ. ಆದರೆ ನಿಮಗೆ ಬೇಕಿರುವುದು 40 ಮೀಟರ್ ಮಾತ್ರವಾದರೆ 7 ಮೆಗಾಹರ್ಟ್ಸ್ ಸುತ್ತಲಿನದನ್ನಷ್ಟೇ ಬಿಡುವ ಬ್ಯಾಂಡ್-ಪಾಸ್ ಫಿಲ್ಟರನ್ನೇ ನಾನು ಹೇಳುತ್ತೇನೆ. 13 ಮೀಟರ್ ಪಟ್ಟಿಯ ವಿದೇಶಿ ಪ್ರಸಾರಗಳು ಇದಕ್ಕೆ ಕಾರಣ: 28.8ರಲ್ಲಿ 21.6 ಕಳೆದರೆ 7.2 ಉಳಿಯುತ್ತದೆ, ಹೀಗಾಗಿ ಅವೂ ತಲೆಕೆಳಗಾಗಿ ಇದೇ ಬ್ಯಾಂಡಿನ ಮೇಲೆ ಬೀಳುತ್ತವೆ, ಮತ್ತು 30 ಮೆಗಾಹರ್ಟ್ಸ್‌ನ ಫಿಲ್ಟರ್ ಅವನ್ನು ತಡೆಯುವುದಿಲ್ಲ. ಆಕಾಶವಾಣಿಯ 612 ಕಿಲೋಹರ್ಟ್ಸ್‌ನಂಥ ಮಧ್ಯಮ ತರಂಗದ ಪ್ರಬಲ ಸಂಕೇತಗಳನ್ನೂ ಬ್ಯಾಂಡ್-ಪಾಸ್ ಫಿಲ್ಟರ್ ಹೊರಗಿಡುತ್ತದೆ. ಟೊರಾಯ್ಡ್ (ತಂತಿ ಸುತ್ತುವ ಉಂಗುರ) ಮತ್ತು ಒಳ್ಳೆಯ ಕೆಪಾಸಿಟರ್‌ಗಳನ್ನು ತಂದು, ಚಿಕ್ಕ ಲೋಹದ ಡಬ್ಬಿಯಲ್ಲಿ ನೀವೇ ಕಟ್ಟಬಹುದಾದ ವಸ್ತು ಇದು, ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿದರೆ ಬಹುಪಾಲು ಸಾಮಾನು ಸಿಗುತ್ತದೆ.

ಸಂಜೆಯ ಗೆರೆಗಳದ್ದು ಬೇರೆಯೇ ಕಥೆ. ಸಮಾನ ಅಂತರ, ಮಸುಕಾದ ಅಂಚು, ದೀಪ ಹಚ್ಚುವ ಹೊತ್ತಿಗೆ ಆರಂಭ, ಇವೆಲ್ಲ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಹಚ್ಚಿ ಆರಿಸಿ ವೋಲ್ಟೇಜ್ ಬದಲಿಸುವ ಸ್ವಿಚಿಂಗ್ ಪವರ್ ಸಪ್ಲೈಗಳ ಗುರುತು. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಟಿವಿ, ಮನೆಯ ಯುಪಿಎಸ್, ಲಿಫ್ಟಿನ ಮೋಟರ್ ನಿಯಂತ್ರಕ, ತಾರಸಿಯ ಸೌರ ಇನ್ವರ್ಟರ್, ಯಾವುದೂ ಆಗಿರಬಹುದು. ಗೆರೆಗಳ ನಡುವಿನ ಅಂತರವೇ ಆ ಸಾಧನದ ಸ್ವಿಚಿಂಗ್ ಆವರ್ತನ, ಸಾಮಾನ್ಯವಾಗಿ ಹತ್ತಾರು ಕಿಲೋಹರ್ಟ್ಸ್‌ನಿಂದ ನೂರಕ್ಕೂ ಮಿಕ್ಕಿ. ರಿಸೀವರನ್ನು ಬ್ಯಾಟರಿಯಲ್ಲಿ ನಡೆಸಿ, ಯುಪಿಎಸ್ಸನ್ನೂ ಆರಿಸಿ, ಮನೆಯ ಎಂಸಿಬಿಗಳನ್ನು ಒಂದೊಂದಾಗಿ ಇಳಿಸುತ್ತಾ ವಾಟರ್‌ಫಾಲ್ ನೋಡಿ. ಗೆರೆ ಮಾಯವಾದ ಕ್ಷಣ ಯಾವ ಸರ್ಕ್ಯೂಟ್ ಎಂದು ತಿಳಿಯುತ್ತದೆ. ಆಮೇಲೆ ಶಾರ್ಟ್‌ವೇವ್ ಇರುವ ಚಿಕ್ಕ ಬ್ಯಾಟರಿ ರೇಡಿಯೊ ಹಿಡಿದು ಆ ಕೋಣೆಯ ಒಂದೊಂದೇ ಅಡಾಪ್ಟರಿನ ಬಳಿ ಹೋದರೆ ಅಪರಾಧಿ ಗುರ್ ಎಂದು ತಾನೇ ಹೇಳುತ್ತದೆ. ಎಲ್ಲ ಎಂಸಿಬಿಗಳನ್ನು ಇಳಿಸಿದರೂ ಗೆರೆ ಉಳಿದರೆ ಅದು ನೆರೆಮನೆಯದು ಅಥವಾ ಕಟ್ಟಡದ್ದು. ಬೀದಿಗೆಲ್ಲ ಕರೆಂಟ್ ಹೋದಾಗ ಬ್ಯಾಂಡ್ ಹೇಗಿರುತ್ತದೆ ಎಂದು ತಪ್ಪದೆ ಗುರುತು ಹಾಕಿಕೊಳ್ಳಿ. ನಿಮ್ಮ ಜಾಗದಲ್ಲಿ ಸಿಗಬಹುದಾದ ಅತ್ಯುತ್ತಮ ಸ್ಥಿತಿ ಯಾವುದೆಂದು ಅಳೆಯಲು ಅದಕ್ಕಿಂತ ಒಳ್ಳೆಯ ಅವಕಾಶವಿಲ್ಲ.

ಮೂಲವನ್ನು ಆರಿಸಲಾಗದ ಕಡೆ ದಾರಿಯನ್ನು ಮುಚ್ಚಬೇಕು. ಮನೆಯ ವೈರಿಂಗ್‌ನಲ್ಲಿ ಹರಿಯುವ ಗದ್ದಲದ ಬಹುಭಾಗ ನಿಮ್ಮ ಆಂಟೆನಾಕ್ಕೆ ಗಾಳಿಯ ಮೂಲಕ ಬರುವುದಿಲ್ಲ. ಕೋಯಾಕ್ಸ್ ಕೇಬಲಿನ ಹೊರಕವಚದ ಹೊರಮೈ ಮೇಲೆ ಹತ್ತಿ ಹೋಗಿ, ಡೈಪೋಲಿನ ನಡುವಿನ ಜೋಡಣೆಯಲ್ಲಿ ಒಳಕ್ಕೆ ಇಳಿಯುತ್ತದೆ. ಇದನ್ನು ತಡೆಯುವುದು ಫೆರೈಟ್ ಚೋಕ್. ಶಾರ್ಟ್‌ವೇವ್‌ಗೆ 31ನೆಯ ಮಿಶ್ರಣದ (ಫೆರೈಟ್ ವಸ್ತುವಿನ ಒಂದು ಬಗೆ) ದೊಡ್ಡ ರಿಂಗ್ ಸೂಕ್ತ. ಅದರ ಮೇಲೆ ಕೇಬಲನ್ನು ಹತ್ತು ಹನ್ನೆರಡು ಸುತ್ತು ಸುತ್ತಿದರೆ 7 ಮೆಗಾಹರ್ಟ್ಸ್‌ನಲ್ಲಿ ಕೆಲವು ಸಾವಿರ ಓಮ್‌ಗಳ ತಡೆ ಸಿಗುತ್ತದೆ. ಒಂದು ಚೋಕ್ ಡೈಪೋಲಿನ ನಡುವೆ, ಇನ್ನೊಂದು ರಿಸೀವರಿನ ಬಳಿ. ಕೇಬಲ್ ಮೇಲೆ ಒಂದು ಸಣ್ಣ ಕ್ಲಿಪ್-ಆನ್ ಫೆರೈಟ್ ಸಿಕ್ಕಿಸಿ ಕೆಲಸ ಮುಗಿಯಿತೆಂದುಕೊಳ್ಳಬೇಡಿ. ಈ ಆವರ್ತನದಲ್ಲಿ ಅದರ ತಡೆ ತೀರ ಕಡಿಮೆ. ಇಡೀ ವ್ಯವಸ್ಥೆಯಲ್ಲಿ ಒಂದೇ ಒಂದಕ್ಕೆ ಹಣ ಖರ್ಚು ಮಾಡಿ ಎಂದರೆ ನಾನು ತೋರಿಸುವುದು ಈ ಎರಡು ರಿಂಗ್‌ಗಳನ್ನೇ.

ಪವರ್ ಸಪ್ಲೈ ವಿಚಾರದಲ್ಲಿ ಪೈ ಜೊತೆಗೆ ಬರುವ ಅಡಾಪ್ಟರ್ ಕೂಡ ಸ್ವಿಚಿಂಗ್ ಬಗೆಯದೇ. ಅದರ ಬದಲು 9 ವೋಲ್ಟ್, 3 ಆಂಪಿಯರ್‌ನ ಮಾಮೂಲಿ ಟ್ರಾನ್ಸ್‌ಫಾರ್ಮರ್, ಬ್ರಿಜ್ ರೆಕ್ಟಿಫೈಯರ್, 10,000 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಮತ್ತು ಎಲ್‌ಎಂ338 ರೆಗ್ಯುಲೇಟರ್ ಸಾಕು. ಔಟ್‌ಪುಟ್ಟನ್ನು 5.1 ವೋಲ್ಟಿಗೆ ಹೊಂದಿಸಿ. ಒಂದು ಆಂಪಿಯರ್ ಎಳೆದಾಗಲೇ ರೆಗ್ಯುಲೇಟರಿನಲ್ಲಿ 6 ವಾಟ್‌ನಷ್ಟು ಶಾಖ ಹುಟ್ಟುವುದರಿಂದ ಹೀಟ್ ಸಿಂಕ್ ದೊಡ್ಡದಿರಲಿ, ಪ್ರೈಮರಿಯಲ್ಲಿ ಫ್ಯೂಸ್ ಇರಲಿ. ಬ್ರಿಜ್‌ನ ಒಂದೊಂದು ಡಯೋಡಿಗೂ ಅಡ್ಡಲಾಗಿ 10 ನ್ಯಾನೊಫ್ಯಾರಡ್‌ನ ಸೆರಾಮಿಕ್ ಕೆಪಾಸಿಟರ್ ಹಾಕುವುದನ್ನು ಮರೆಯಬೇಡಿ. ಇಲ್ಲದಿದ್ದರೆ ಕೆಲವು ಆವರ್ತನಗಳಲ್ಲಿ ಮಾತ್ರ ಕೇಳಿಸುವ 100 ಹರ್ಟ್ಸ್‌ನ ಗುಂಯ್‌ಗುಟ್ಟುವಿಕೆ ಉಳಿದುಬಿಡುತ್ತದೆ.

ಇಷ್ಟು ಮಾಡಿದರೂ ಪೈ ಹಲಗೆಯ ಮೇಲೆಯೇ ಸ್ವಿಚಿಂಗ್ ರೆಗ್ಯುಲೇಟರ್‌ಗಳಿವೆ ಎಂಬುದು ನೆನಪಿರಲಿ. ಹೊರಗಿನ ಸಪ್ಲೈ ಎಷ್ಟೇ ಶುದ್ಧವಾಗಿದ್ದರೂ ಪೈ ಸ್ವತಃ ಗದ್ದಲದ ಮೂಲವೇ. ಆದ್ದರಿಂದ ಪೈ ಒಂದು ಲೋಹದ ಪೆಟ್ಟಿಗೆಯಲ್ಲಿ, ಡಾಂಗಲ್ ಮತ್ತು ಫಿಲ್ಟರ್ ಇನ್ನೊಂದರಲ್ಲಿ ಇರಲಿ; ನಡುವಿನ ಯುಎಸ್‌ಬಿ ಕೇಬಲ್ ಚಿಕ್ಕದಾಗಿದ್ದು ಫೆರೈಟ್ ರಿಂಗಿನ ಮೇಲೆ ಸುತ್ತಿರಲಿ. ಡಾಂಗಲಿಗೆ ಬೇಕಾದ 300 ಮಿಲಿಆಂಪಿಯರ್‌ನಷ್ಟು ವಿದ್ಯುತ್ತನ್ನು ಪೈ ಮೂಲಕ ಕೊಡದೆ, ಯುಎಸ್‌ಬಿಯ 5 ವೋಲ್ಟ್ ತಂತಿಯನ್ನು ಬೇರ್ಪಡಿಸಿ ಪ್ರತ್ಯೇಕ ರೆಗ್ಯುಲೇಟರಿನಿಂದ ಕೊಡುವುದು ಉತ್ತಮ. ಎಚ್‌ಡಿಎಂಐ ತಂತಿ ತೆಗೆದುಬಿಡಿ, ವೈಫೈ ಮತ್ತು ಬ್ಲೂಟೂತ್ ಆರಿಸಿ, ಮನೆಯ ರೂಟರಿಗೆ ಕವಚವಿಲ್ಲದ ಈಥರ್‌ನೆಟ್ ತಂತಿ ಎಳೆಯಿರಿ. ಈಥರ್‌ನೆಟ್ ಜ್ಯಾಕಿನೊಳಗೆ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಎರಡೂ ಕಡೆಯ ಗ್ರೌಂಡ್ ಬೇರೆಯಾಗಿಯೇ ಉಳಿಯುತ್ತದೆ, ಆದರೆ ಕವಚವಿರುವ ತಂತಿ ಹಾಕಿದರೆ ಆ ಅನುಕೂಲ ಹೋಗುತ್ತದೆ.

ತಂತ್ರಾಂಶದ ವಿಚಾರ ಚಿಕ್ಕದು. ಕಚ್ಚಾ ದತ್ತಾಂಶವನ್ನೇ ಮನೆಗೆ ಕಳಿಸುವ ಆರ್‌ಟಿಎಲ್-ಟಿಸಿಪಿ ಬಳಸಿದರೆ ಸೆಕೆಂಡಿಗೆ 24 ಲಕ್ಷ ಸ್ಯಾಂಪಲ್‌ಗಳಿಗೆ 38 ಮೆಗಾಬಿಟ್‌ನಷ್ಟು ಹರಿವು ಬೇಕು. ಓಪನ್‌ವೆಬ್‌ಆರ್‌ಎಕ್ಸ್ ಸಂಕೇತವನ್ನು ಪೈಯಲ್ಲಿಯೇ ಧ್ವನಿಯಾಗಿಸಿ ಬ್ರೌಸರಿಗೆ ಕಳಿಸುತ್ತದೆ. ಮೊಬೈಲಿನಲ್ಲಿ ಕೇಳುವ ನಿಮ್ಮ ಉದ್ದೇಶಕ್ಕೆ ಅದೇ ಸರಿ.

ಇವೆಲ್ಲ ಆದ ಮೇಲೆ ಆಂಟೆನಾ ತೆಗೆದು 50 ಓಮ್‌ನ ಡಮ್ಮಿ ಲೋಡ್ (ಆಂಟೆನಾ ಬದಲಿಗೆ ಹಾಕುವ ರೆಸಿಸ್ಟರ್) ಹಾಕಿ ನಾಯ್ಸ್ ಫ್ಲೋರ್ (ಸಂಕೇತವಿಲ್ಲದಾಗಲೂ ಉಳಿಯುವ ಗದ್ದಲದ ಮಟ್ಟ) ನೋಡಿ, ಮತ್ತೆ ಆಂಟೆನಾ ಜೋಡಿಸಿ ನೋಡಿ. ಬ್ಯಾಂಡ್ ಅತ್ಯಂತ ಶಾಂತವಾಗಿರುವ ಹೊತ್ತಿನಲ್ಲೂ 10 ಡೆಸಿಬಲ್‌ನಷ್ಟು ಏರಿಕೆ ಕಂಡರೆ ರಿಸೀವರಿನ ಸಂವೇದನೆ ಸಾಕಷ್ಟಿದೆ ಎಂದರ್ಥ. ಆಮೇಲೂ ರಾತ್ರಿ 7.2 ಮೆಗಾಹರ್ಟ್ಸ್‌ನ ಮೇಲಿನ ಪ್ರಬಲ ಪ್ರಸಾರಗಳು ದುರ್ಬಲ ಸಂಕೇತಗಳನ್ನು ಮುಳುಗಿಸುತ್ತಿದ್ದರೆ ಆಗ ನಿಮ್ಮ ಎರಡನೆಯ ಮಿತ್ರರ ಮಾತಿಗೆ ಬೆಲೆ ಬರುತ್ತದೆ. ಪುಸ್ತಕದ ಲೆಕ್ಕದಲ್ಲಿ 8 ಬಿಟ್‌ನ ಪರಿವರ್ತಕದ ವ್ಯಾಪ್ತಿ ಸುಮಾರು 50 ಡೆಸಿಬಲ್, 14 ಬಿಟ್‌ನದು 86, 16 ಬಿಟ್‌ನದು 98. ಅಷ್ಟು ಹತ್ತಿರದ ಪ್ರಸಾರಗಳನ್ನು ಸಾಮಾನ್ಯ ಫಿಲ್ಟರ್ ತಡೆಯಲಾರದು, ಅಲ್ಲಿ ಬಿಟ್‌ಗಳೇ ನೆರವಿಗೆ ಬರಬೇಕು.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯನ್ನು ಮರೆತು ತಾರಸಿಯಲ್ಲಿ ಏನನ್ನೂ ಕಟ್ಟಬೇಡಿ. ಕೇಬಲ್ ಕಟ್ಟಡದೊಳಗೆ ಬರುವ ಕಡೆ ಗ್ಯಾಸ್ ಡಿಸ್ಚಾರ್ಜ್ ಬಗೆಯ ಅರೆಸ್ಟರ್ (ಸಿಡಿಲಿನ ವಿದ್ಯುತ್ತನ್ನು ನೆಲಕ್ಕೆ ಹರಿಸುವ ಸಾಧನ) ಹಾಕಿ ಅರ್ಥಿಂಗ್ ಮಾಡಿಸಿ, ಆ ಅರ್ಥಿಂಗನ್ನು ಕಟ್ಟಡದ ಅರ್ಥಿಂಗ್ ಜೊತೆ ಎಲೆಕ್ಟ್ರಿಷಿಯನ್ ಕೈಯಿಂದ ಜೋಡಿಸಿಸಿ. ಮೋಡ ಕವಿಯುವ ಮುನ್ನವೇ ಕೇಬಲ್ ಕಳಚಿಡಿ. ಸಿಡಿಲು ಶುರುವಾದ ಮೇಲೆ ಅದನ್ನು ಮುಟ್ಟಲು ಹೋಗಬೇಡಿ.

ಪ್ರಶ್ನೆ: ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು 145.800 ಮೆಗಾಹರ್ಟ್ಸ್‌ನಲ್ಲಿ ಕಳಿಸುವ ಸಂಕೇತಗಳನ್ನು ಕೇಳಲು ಇಂಥದೇ ಪೆಟ್ಟಿಗೆ ಮಾಡುತ್ತಿದ್ದೇನೆ. ಆಂಟೆನಾದಿಂದ ಕೋಣೆಗೆ 20 ಮೀಟರ್ ಆರ್‌ಜಿ-58 ಕೇಬಲ್ ಇದೆ. ಇಲ್ಲಿಯೂ ಆಂಪ್ಲಿಫೈಯರ್ ಬೇಡವೇ? (ಯಲಹಂಕದ ಓದುಗರು)

ಉತ್ತರ: ಇಲ್ಲಿ ಬೇಕು. ಅದೇ ಪಿ.372 ಸೂತ್ರದಂತೆ ವಸತಿ ಪ್ರದೇಶದ ಗದ್ದಲ 145 ಮೆಗಾಹರ್ಟ್ಸ್‌ನಲ್ಲಿ 13 ಡೆಸಿಬಲ್‌ಗೆ ಇಳಿದುಬಿಡುತ್ತದೆ, ಊರ ಹೊರಗೆ ಇನ್ನೂ ಕಡಿಮೆ. ನಿಮ್ಮ ಕೇಬಲ್ ಒಂದೇ ಸುಮಾರು 4 ಡೆಸಿಬಲ್ ನುಂಗುತ್ತದೆ, ಆ ನಷ್ಟ ಡಾಂಗಲಿನ ಸ್ವಂತ ಗದ್ದಲಕ್ಕೆ ಸೇರಿಕೊಳ್ಳುತ್ತದೆ. ಆಂಪ್ಲಿಫೈಯರನ್ನು ಕೋಣೆಯಲ್ಲಿ ಡಾಂಗಲಿನ ಪಕ್ಕ ಇಟ್ಟರೆ ಈ ನಷ್ಟ ತುಂಬಿಬರುವುದಿಲ್ಲ. ಅದು ಆಂಟೆನಾದ ಬುಡದಲ್ಲೇ, ನೀರು ತಾಗದ ಡಬ್ಬಿಯಲ್ಲಿ ಇರಬೇಕು. ಅದಕ್ಕೂ ಮೊದಲು, ಅಂದರೆ ಆಂಟೆನಾ ಮತ್ತು ಆಂಪ್ಲಿಫೈಯರ್ ನಡುವೆ, 88ರಿಂದ 108 ಮೆಗಾಹರ್ಟ್ಸ್ ತಡೆಯುವ ಫಿಲ್ಟರ್ ಇರಲಿ. ಅದರಿಂದಾಗುವ ಅರ್ಧ ಡೆಸಿಬಲ್ ಆಸುಪಾಸಿನ ನಷ್ಟವನ್ನು ಸಹಿಸಿಕೊಳ್ಳುವುದು ಲೇಸು. ಆಂಪ್ಲಿಫೈಯರಿಗೆ ಬೇಕಾದ ವಿದ್ಯುತ್ತನ್ನು ಬಯಾಸ್-ಟೀ (ಸಂಕೇತದ ಕೇಬಲಿಗೇ ನೇರ ವಿದ್ಯುತ್ತನ್ನು ಸೇರಿಸುವ ಜೋಡಣೆ) ಮೂಲಕ ಅದೇ ಕೇಬಲಿನಲ್ಲಿ ಕಳಿಸಬಹುದು. ಆದರೆ ಹಲವು ಆಂಟೆನಾಗಳು ನೇರ ವಿದ್ಯುತ್ತಿನ ಮಟ್ಟಿಗೆ ಶಾರ್ಟ್ ಆಗಿರುತ್ತವೆ. ಆದ್ದರಿಂದ ಆಂಪ್ಲಿಫೈಯರನ್ನು ತೆಗೆದು ಆಂಟೆನಾವನ್ನು ನೇರವಾಗಿ ಜೋಡಿಸುವ ದಿನ ಬಯಾಸ್-ಟೀ ಆರಿದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಿಯೇ ಕನೆಕ್ಟರ್ ತಿರುಗಿಸಿ.