'ಡಾರ್ಕ್ ಸೈಡ್ ಆಫ್ ದ ಮೂನ್' ವಿನೈಲ್: ಯಾವ ಪ್ರತಿ ಕೊಳ್ಳಲಿ?

ಪಿಂಕ್ ಫ್ಲಾಯ್ಡ್ ತಂಡದ 'ದ ಡಾರ್ಕ್ ಸೈಡ್ ಆಫ್ ದ ಮೂನ್' ಆಲ್ಬಂನ ಒಳ್ಳೆ ಎಲ್‌ಪಿ ಕೊಳ್ಳಬೇಕು, ಅಮೆರಿಕದ ರೆಕಾರ್ಡ್ ಕಂಪನಿ ಮೊಬೈಲ್ ಫಿಡೆಲಿಟಿಯವರ 1979ರ ಪ್ರತಿಗೆ ಹೊಸದರ ಹಲವು ಪಟ್ಟು ದುಡ್ಡು ಕೇಳುತ್ತಿದ್ದಾರೆ, ಕೊಡಬಹುದಾ, ಇಲ್ಲ ಹಳೇ ಇಂಗ್ಲೆಂಡ್ ಪ್ರತಿ ಹುಡುಕಲಾ ಅಂತ ಕೇಳಿದ್ದೀರಿ.

ಅಷ್ಟು ದುಡ್ಡು ಕೊಡಬೇಡಿ. 2003ರಲ್ಲಿ ಆಲ್ಬಂನ 30ನೇ ವರ್ಷಕ್ಕೆ ಬಂದ 180 ಗ್ರಾಂ ಪ್ರತಿ ಸಿಕ್ಕರೆ ಅದನ್ನು ತಗೊಳ್ಳಿ. ಸಿಗಲಿಲ್ಲ ಅಂದರೆ ಎಪ್ಪತ್ತರ ದಶಕದ ಇಂಗ್ಲೆಂಡ್ ಪ್ರತಿ ನೋಡಿ. ಅದು ಮೊಟ್ಟಮೊದಲ ಮುದ್ರಣವೇ ಆಗಬೇಕು ಅಂತ ಹಟ ಬೇಡ.

ಈ ಮಾತು ಒಂದು ತಪ್ಪು ಮಾಡಿ ಕಲಿತದ್ದು. ಕೆಲವು ವರ್ಷಗಳ ಹಿಂದೆ ನಾನೂ ಇದೇ ಆಲ್ಬಂನ ಒಂದು ದುಬಾರಿ ಪ್ರತಿ ತರಿಸಿದೆ. ಮಾರಿದವರು 'ಹೊಸದರ ಹಾಗಿದೆ' ಅಂತ ಬರೆದಿದ್ದರು. ನೋಡೋಕೆ ಹಾಗೇ ಇತ್ತು, ಒಂದು ಗೀರೂ ಇಲ್ಲ, ಫಳಫಳ ಹೊಳೆಯುತ್ತಿತ್ತು. ಮೊದಲ ಬದಿಯಲ್ಲಿ 'ಟೈಮ್' ತನಕ ಏನೂ ತೊಂದರೆ ಇಲ್ಲ. ಆಮೇಲೆ 'ದ ಗ್ರೇಟ್ ಗಿಗ್ ಇನ್ ದ ಸ್ಕೈ' ಬಂತು. ಗಾಯಕಿ ಕ್ಲೇರ್ ಟೋರಿ ದನಿ ಏರಿಸಿದ ಕಡೆಯೆಲ್ಲ ಆ ದನಿ ಒಡೆದು ಚೂರಾಗುತ್ತಿತ್ತು. ಹಿಂದಿನ ಮಾಲೀಕರು ಸವೆದ ಮುಳ್ಳಿನಲ್ಲಿ ಅದನ್ನು ಎಷ್ಟೋ ಸಲ ಹಾಕಿ ಕೇಳಿದ್ದಾರೆ. ಅಂಥ ಸವೆತ ಕಣ್ಣಿಗೆ ಕಾಣಿಸುವುದಿಲ್ಲ. ಲಂಡನ್ನಿನ ಆಬಿ ರೋಡ್ ಸ್ಟುಡಿಯೋದಲ್ಲಿ 1973ರ ಜನವರಿಯ ಒಂದು ಭಾನುವಾರ, 30 ಪೌಂಡ್ ಸಂಬಳಕ್ಕೆ ಬಂದು, ಒಂದೂ ಪದವಿಲ್ಲದೆ ಆಕೆ ಹಾಡಿದ ಹಾಡು ಅದು. ಅದೇ ಹಾಳಾಗಿದ್ದರೆ ಈ ಆಲ್ಬಂ ಯಾಕೆ ಬೇಕು? ಆ ಸಂಜೆ ನನಗೆ ನಿಜಕ್ಕೂ ತುಂಬಾ ಬೇಜಾರಾಯಿತು.

ಆ ಹಾಡೇ ಯಾಕೆ ಒಡೆಯಿತು ಅನ್ನೋದು ಗೊತ್ತಾದರೆ ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಸಿಕ್ಕಿದ ಹಾಗೆ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ, ಆ ವೇಗ ಬದಲಾಗುವುದಿಲ್ಲ. ಆದರೆ ಹೊರಗಿನ ಸುತ್ತು ದೊಡ್ಡದು, ನಡುವಿನ ಲೇಬಲ್ ಹತ್ತಿರದ ಸುತ್ತು ಚಿಕ್ಕದು. ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ. ಒಳಗೆ ಬರುತ್ತಾ ಅದು 20ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟೇ ಸಂಗೀತವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುರುಕಿದ ಹಾಗೆ. ಮುಳ್ಳು ಒಂಚೂರು ಸವೆದಿದ್ದರೂ, ಓರೆಯಾಗಿ ಕೂತಿದ್ದರೂ ಅಲ್ಲಿ ತಡವರಿಸುತ್ತದೆ. ಬೇರೆ ಆಲ್ಬಂಗಳಲ್ಲಿ ಬದಿಯ ಕೊನೆಗೆ ಮೆಲ್ಲನೆಯ ಹಾಡು ಇಟ್ಟು ಪಾರಾಗುವುದುಂಟು. ಇಲ್ಲಿ ಆ ದಾರಿ ಇಲ್ಲ. ಮೊದಲ ಬದಿ ಮುಗಿಯುವುದು ಕ್ಲೇರ್ ಟೋರಿಯ ದನಿಯಿಂದ. ಎರಡನೆಯದು ಮುಗಿಯುವುದು ಹಿನ್ನೆಲೆ ಗಾಯಕಿಯರೂ ಸೇರಿ ತುಂಬುಗಂಟಲಲ್ಲಿ ಹಾಡುವ 'ಎಕ್ಲಿಪ್ಸ್'ನಿಂದ. ಎರಡನೇ ಬದಿ 23 ನಿಮಿಷಕ್ಕೂ ಜಾಸ್ತಿ ಇದೆ ಬೇರೆ. ಸಾಲದ್ದಕ್ಕೆ ಆಲ್ಬಂ ಶುರುವಾಗುವುದೂ ಮುಗಿಯುವುದೂ ಮೌನದೊಳಗಿನ ಒಂದು ಎದೆಬಡಿತದಿಂದ. ಗದ್ದಲದ ರಾಕ್ ಆಲ್ಬಂನಲ್ಲಿ ಮುಚ್ಚಿಹೋಗುವ ಚಟಪಟ ಸದ್ದು ಇಲ್ಲಿ ಎದ್ದು ಕೇಳುತ್ತದೆ.

ಈಗ ಮೊಬೈಲ್ ಫಿಡೆಲಿಟಿ ಪ್ರತಿಗೆ ಬರೋಣ. ಅದಕ್ಕೆ ಒಳ್ಳೆ ಹೆಸರು ಸುಮ್ನೆ ಬಂದದ್ದಲ್ಲ. ಟೇಪಿನ ಸದ್ದನ್ನು ಅಚ್ಚಿನ ಪ್ಲೇಟಿನ ಮೇಲೆ ಗೆರೆಯಾಗಿ ಕೊರೆಯುವ ಇಂಜಿನಿಯರ್ ಸ್ಟ್ಯಾನ್ ರಿಕರ್ ಅದನ್ನು 'ಹಾಫ್ ಸ್ಪೀಡ್' ವಿಧಾನದಲ್ಲಿ ಕೊರೆದರು. ಟೇಪನ್ನು ಅರ್ಧ ವೇಗದಲ್ಲಿ ಓಡಿಸಿ, ಕೊರೆಯುವ ಯಂತ್ರವನ್ನೂ ಅರ್ಧ ವೇಗದಲ್ಲಿ ತಿರುಗಿಸುತ್ತಾರೆ. 20,000 ಹರ್ಟ್ಜ್‌ನ ಸದ್ದು ಯಂತ್ರಕ್ಕೆ 10,000 ಆಗಿ ಕಾಣುತ್ತದೆ. ಪ್ರತಿ ಸಣ್ಣ ತಿರುವಿಗೂ ಎರಡರಷ್ಟು ಸಮಯ ಸಿಗುವುದರಿಂದ ಸಿಂಬಲ್, ಗಡಿಯಾರದ ಗಂಟೆಗಳ ಸದ್ದು ತುಂಬಾ ನವಿರಾಗಿ ಬರುತ್ತದೆ. ಆದರೆ 30 ಹರ್ಟ್ಜ್‌ನ ಬಾಸ್ ಅದೇ ಲೆಕ್ಕದಲ್ಲಿ 15ಕ್ಕೆ ಇಳಿಯುತ್ತದೆ. ಅಷ್ಟು ಕೆಳಗೆ ಯಂತ್ರದ ಹಿಡಿತ ಸಡಿಲ. ಪ್ಲೇಟು ಒತ್ತಿದ್ದು ಜಪಾನಿನ ಜೆವಿಸಿಯವರು, ತಮ್ಮ 'ಸೂಪರ್ ವಿನೈಲ್'ನಲ್ಲಿ. ಅದರಷ್ಟು ನಿಶ್ಶಬ್ದವಾದ ವಿನೈಲ್ ನಾನು ಕೇಳಿದ್ದು ಕಡಿಮೆ.

ಆದರೂ ಬೇಡ ಅಂದೆ. ಸ್ನೇಹಿತರ ಮನೆಯಲ್ಲಿ ಅದರ ಒಳ್ಳೆ ಪ್ರತಿಯನ್ನೇ ಎರಡು ಸಲ ಪೂರ್ತಿ ಕೇಳಿದ್ದೇನೆ. ಮೇಲಿನ ಸ್ವರ, ಕೆಳಗಿನ ಸ್ವರ ಎರಡೂ ಉಬ್ಬಿವೆ, ನಡುವಿನ ಭಾಗ ಹಿಂದೆ ಸರಿದಿದೆ. ಮೊದಲ ಹತ್ತು ನಿಮಿಷ ಬೆರಗಾಗುತ್ತದೆ. 'ಅಸ್ ಆಂಡ್ ದೆಮ್' ಹೊತ್ತಿಗೆ ಡಿಕ್ ಪ್ಯಾರಿಯ ಸ್ಯಾಕ್ಸೋಫೋನ್ ಗೋಡೆಯ ಆಚೆಯಿಂದ ಬಂದ ಹಾಗೆ ಅನಿಸಿತು. ಈ ಆಲ್ಬಂನ ಜೀವ ಇರೋದು ಮನುಷ್ಯರ ದನಿಯಲ್ಲಿ, ಅಲ್ವಾ? ಹಾಡುವವರು, ನಗುವವರು, ಹಾಡುಗಳ ನಡುವೆ ತುಣುಕು ತುಣುಕಾಗಿ ಮಾತಾಡುವವರು. ಅವರು ಮುಂದೆ ಬಂದು ನಿಲ್ಲಬೇಕು.

ಇಂಗ್ಲೆಂಡ್ ಪ್ರತಿಯಲ್ಲಿ ಅವರು ಹಾಗೆ ನಿಲ್ಲುತ್ತಾರೆ. ಇಎಂಐ ಕಂಪನಿಯ ಹಾರ್ವೆಸ್ಟ್ ಬ್ರಾಂಡ್, ನಂಬರ್ ಎಸ್‌ಎಚ್‌ವಿಎಲ್ 804. 1973ರ ಮೊದಲ ಮುದ್ರಣದಲ್ಲಿ ಲೇಬಲ್ ಮೇಲಿನ ತ್ರಿಕೋನ ಪೂರ್ತಿ ನೀಲಿ, ಆಮೇಲಿನವುಗಳಲ್ಲಿ ಬರೀ ಗೆರೆ. ಆ ನೀಲಿ ತ್ರಿಕೋನಕ್ಕೇ ಸಂಗ್ರಾಹಕರು ವಿಪರೀತ ಬೆಲೆ ಕೊಡುತ್ತಾರೆ. ನಿಮಗೆ ಬೇಕಿರೋದು ಕೇಳೋಕೆ, ಹಾಗಾಗಿ ತ್ರಿಕೋನಕ್ಕೆ ದುಡ್ಡು ಸುರಿಯಬೇಡಿ. ಅದರ ಬದಲು ಹಾಡು ಮುಗಿದ ಮೇಲೆ ಲೇಬಲ್ ಸುತ್ತ ಉಳಿಯುವ ಖಾಲಿ ಜಾಗ ನೋಡಿ. ಎ-2, ಬಿ-2 ಥರದ ಮ್ಯಾಟ್ರಿಕ್ಸ್ ನಂಬರ್ ಅಲ್ಲಿರುತ್ತದೆ, ಅದು ಯಾವ ಕೊರೆತ ಅಂತ ಹೇಳುತ್ತದೆ. ಆ ನಂಬರ್ ಕೆಳಗೆ ನೇರವಾಗಿ ಕಾಣುವ ಹಾಗೆ ಪ್ಲೇಟು ಹಿಡಿದರೆ ಬಲಗಡೆ ಒಂದೋ ಎರಡೋ ಮೂರೋ ಅಕ್ಷರ ಕಾಣುತ್ತವೆ. ಅದು ಇಎಂಐ ಕಾರ್ಖಾನೆಯ ಗುಟ್ಟಿನ ಲೆಕ್ಕ. ಗ್ರಾಮೊಫೋನ್ ಲಿಮಿಟೆಡ್ ಅನ್ನೋ ಹೆಸರಿನಿಂದ ಹತ್ತು ಇಂಗ್ಲಿಷ್ ಅಕ್ಷರ ತೆಗೆದಿದ್ದಾರೆ: ಜಿ ಅಂದರೆ 1, ಆರ್ 2, ಎ 3, ಎಂ 4, ಓ 5, ಪಿ 6, ಎಚ್ 7, ಎಲ್ 8, ಟಿ 9, ಡಿ ಸೊನ್ನೆ. 'ಜಿಎಂ' ಅಂತಿದ್ದರೆ ಹದಿನಾಲ್ಕನೇ ಸ್ಟಾಂಪರ್. ಸ್ಟಾಂಪರ್ ಅಂದರೆ ವಿನೈಲನ್ನು ಒತ್ತುವ ಲೋಹದ ಅಚ್ಚು. ಒತ್ತುತ್ತಾ ಒತ್ತುತ್ತಾ ಅದು ಸವೆಯುತ್ತದೆ, ಆಗ ಹೊಸದನ್ನು ಹಾಕುತ್ತಾರೆ. ಹಾಗಾಗಿ ನಂಬರ್ ದೊಡ್ಡದಿದ್ದ ಮಾತ್ರಕ್ಕೆ ಪ್ರತಿ ಕೆಟ್ಟದ್ದು ಅಂತಲ್ಲ. ದಿನಾಂಕದ ಅಂದಾಜಿಗೆ ಅದು ಉಪಯೋಗ, ಅಷ್ಟೇ.

ಹಾಗಿದ್ದೂ 2003ರ ಪ್ರತಿಯನ್ನು ಮೊದಲು ಹೇಳಿದ್ದಕ್ಕೆ ಕಾರಣ ಇದೆ. ಡಗ್ ಸ್ಯಾಕ್ಸ್ ಮತ್ತು ಕೆವಿನ್ ಗ್ರೇ ಕ್ಯಾಲಿಫೋರ್ನಿಯಾದಲ್ಲಿ ಮೂಲ ಅನಲಾಗ್ ಟೇಪಿನಿಂದ ಅದನ್ನು ಕೊರೆದರು. ಬಾಸ್ ಬಿಗಿಯಾಗಿದೆ, ಎಲ್ಲೂ ಉಬ್ಬಿಲ್ಲ, ದನಿಗಳು ಎದುರಿಗಿವೆ. ಎಲ್ಲಕ್ಕಿಂತ ಮುಖ್ಯವಾಗಿ, ಅದನ್ನು ಕೊಂಡವರಲ್ಲಿ ಹೆಚ್ಚಿನವರು ಒಳ್ಳೆ ಪ್ಲೇಯರ್ ಇದ್ದವರು. ಐವತ್ತು ವರ್ಷದ ಹಿಂದೆ ಪಾರ್ಟಿಗಳಲ್ಲಿ ತಿರುಗಿದ ಪ್ಲೇಟಿಗಿಂತ ಇದರ ಗೆರೆಗಳು ಚೆನ್ನಾಗಿ ಉಳಿದಿರುತ್ತವೆ. ನನ್ನ ಮನೆಯಲ್ಲಿ ಈಗ ಇರುವುದು ಇದೇ. ಕ್ಲೇರ್ ಟೋರಿ ಕೊನೆಯ ಉಸಿರಿನವರೆಗೂ ಒಡೆಯದೆ ಹಾಡುತ್ತಾರೆ.

2016ರ ಮರುಮುದ್ರಣ ಹೊಸದಾಗಿಯೇ ಸಿಗುತ್ತದೆ. ಇಂಜಿನಿಯರ್‌ಗಳಾದ ಜೇಮ್ಸ್ ಗುತ್ರಿ, ಬರ್ನಿ ಗ್ರಂಡ್‌ಮನ್ ಕೆಲಸ ಮಾಡಿದ್ದು, ಮೋಸವಿಲ್ಲ. ಹುಡುಕೋಕೆ ಪುರುಸೊತ್ತಿಲ್ಲ ಅಂದರೆ ಕಣ್ಣುಮುಚ್ಚಿ ಅದನ್ನು ತಗೊಳ್ಳಿ. ನಮ್ಮ ಕೋಲ್ಕತ್ತಾದ ದಮ್‌ದಮ್ ಕಾರ್ಖಾನೆಯಲ್ಲಿ ಒತ್ತಿದ ಭಾರತದ ಪ್ರತಿಯೂ ಹಳೇ ರೆಕಾರ್ಡ್ ಅಂಗಡಿಗಳಲ್ಲಿ ಆಗಾಗ ಕಣ್ಣಿಗೆ ಬೀಳುತ್ತದೆ. ಅದರ ಮೇಲೆ ನನಗೆ ಪ್ರೀತಿ ಇದೆ, ಆದರೆ ನಾನು ಕೇಳಿದ ಎರಡೂ ಪ್ರತಿಗಳಲ್ಲಿ ಆ ಎದೆಬಡಿತ ಸದ್ದಿನಡಿ ಹೂತುಹೋಗಿತ್ತು.

ಯಾವುದನ್ನೇ ಕೊಳ್ಳಿ, ಮಾರುವವರಿಗೆ ಶುರುವಿನ ಹಾಡು ಹಾಕಿ ತೋರಿಸಿ ಅನ್ನಬೇಡಿ. ಎರಡೂ ಬದಿಯ ಕೊನೆಯ ಎರಡೆರಡು ನಿಮಿಷ ರೆಕಾರ್ಡ್ ಮಾಡಿ ಕಳಿಸಿ ಅನ್ನಿ. ಮನೆಗೆ ಬಂದ ಮೇಲೆ ಮೊದಲು ತೊಳೆಯಿರಿ, ಮುಳ್ಳಿನ ಕೋನ ಮತ್ತು ಭಾರ ಸರಿಯಿದೆಯಾ ಅಂತ ಪ್ರೊಟ್ರ್ಯಾಕ್ಟರ್, ತೂಕದ ಮಾಪಕ ಇಟ್ಟು ನೋಡಿ, ಆಮೇಲೆ ಹಾಕಿ. ನಿಮ್ಮ ಕಾರ್ಟ್ರಿಜ್, ಅಂದರೆ ಮುಳ್ಳು ಕೂರುವ ಭಾಗ, ಯಾವುದು ಅಂತ ಬರೆದಿಲ್ಲ. ಅದನ್ನು ತಿಳಿಸಿದರೆ ಒಳ ಸುತ್ತುಗಳನ್ನು ಅದು ತಡೆದುಕೊಳ್ಳುತ್ತದಾ ಅಂತ ಹೇಳಬಲ್ಲೆ.